ಎರಡು ಮಾನಿಟರ್ ಸಾಕೇ, ಮೂರು ಬೇಕೇ?

ಮನೆಯಿಂದಲೇ ಕೆಲಸ ಮಾಡುತ್ತೇನೆ. ಹಗಲೆಲ್ಲ ಲೆಕ್ಕಪತ್ರ, ರಾತ್ರಿ ಒಂದೆರಡು ಗಂಟೆ ಗೇಮ್. ಲ್ಯಾಪ್‌ಟಾಪಿಗೆ 24 ಇಂಚಿನ ಒಂದು ಮಾನಿಟರ್ ಜೋಡಿಸಿದ್ದೇನೆ. ಒಂದು ಹಾಳೆಯ ಅಂಕಿಗಳನ್ನು ಇನ್ನೊಂದರೊಂದಿಗೆ ತಾಳೆ ನೋಡಲು ವಿಂಡೋಗಳನ್ನು ಹಿಂದೆ ಮುಂದೆ ಮಾಡಿ ಸಾಕಾಗಿದೆ. ಇನ್ನೊಂದು ಮಾನಿಟರ್ ತರಲೇ, ಇನ್ನೆರಡು ತರಲೇ? ಗೇಮಿಗೆ ಅಡ್ಡಿಯಾಗುವುದೇ? ಬಳಸಿ ಬಲ್ಲವರು ದಯವಿಟ್ಟು ತಿಳಿಸಿ.

* * *

ಎಂಟು ವರ್ಷಗಳಿಂದ ಎರಡು ಮಾನಿಟರ್ ಬಳಸುತ್ತಿದ್ದೇನೆ. ಎಷ್ಟು ಬೇಕೆಂದು ಕೇಳುವ ಮೊದಲು ನಿಮ್ಮ ಕುತ್ತಿಗೆ ಯಾವ ಕಡೆ ತಿರುಗಿರುತ್ತದೆ ಎಂದು ನೋಡಿಕೊಳ್ಳಿ. ಶುರುವಿನಲ್ಲಿ ನಾನು ಎರಡನ್ನೂ ಸರಿಸಮನಾಗಿ ಅಕ್ಕಪಕ್ಕ ಇಟ್ಟಿದ್ದೆ. ಎರಡರ ನಡುವಿನ ಕಪ್ಪು ಚೌಕಟ್ಟು ಸರಿಯಾಗಿ ಮೂಗಿನ ನೇರಕ್ಕೆ ಬರುತ್ತಿತ್ತು. ನೋಡಲು ಅಚ್ಚುಕಟ್ಟು, ಆದರೆ ಯಾವ ಪರದೆಯನ್ನು ಓದಬೇಕಾದರೂ ತಲೆ ಓರೆಯಾಗಿಯೇ ಇರಬೇಕು. ನಾನು ಹೆಚ್ಚಾಗಿ ಓದುತ್ತಿದ್ದುದು ಎಡಗಡೆಯದನ್ನು. ಮೂರೇ ತಿಂಗಳಲ್ಲಿ ಕುತ್ತಿಗೆಯ ಒಂದು ಬದಿ ಹಿಡಿದುಕೊಂಡಿತು. ಬೆಳಿಗ್ಗೆ ಅಂಗಿ ತೊಡಲು ತೋಳೆತ್ತಿದರೆ ಹೆಗಲಿನವರೆಗೂ ನೋವು ಇಳಿಯುತ್ತಿತ್ತು.

ಈಗ ಮುಖ್ಯ ಮಾನಿಟರ್ ನನ್ನ ಎದುರಿಗೇ ಇದೆ. ಕೀಲಿಮಣೆಯ ನಡುಭಾಗವೂ ಅದರ ನಡುಭಾಗವೂ ಒಂದೇ ಗೆರೆಯಲ್ಲಿವೆ. ಎರಡನೆಯದು ಅದರ ಅಂಚಿಗೆ ತಾಗಿಕೊಂಡು, ಅರ್ಧ ತೆರೆದ ಪುಸ್ತಕದ ಹಾಳೆಯಂತೆ ನನ್ನ ಕಡೆಗೆ ವಾಲಿದೆ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ ಇರಲಿ, ದೂರ ಚಾಚಿದ ಕೈಯಷ್ಟಿರಲಿ. ಓದಲು ಕನ್ನಡಕದ ಕೆಳಭಾಗವನ್ನು ಬಳಸುವವರಾದರೆ ಇನ್ನೂ ಸ್ವಲ್ಪ ತಗ್ಗಿಸಿ, ಇಲ್ಲದಿದ್ದರೆ ದಿನವಿಡೀ ಗದ್ದ ಎತ್ತಿಯೇ ಕೂರಬೇಕಾಗುತ್ತದೆ.

ಸಾಧ್ಯವಾದರೆ ಎರಡೂ ಒಂದೇ ಅಳತೆಯವಾಗಲಿ. 24 ಇಂಚಿನ 1920×1080 ಪರದೆಯಲ್ಲಿ ಇಂಚಿಗೆ ಸುಮಾರು 92 ಪಿಕ್ಸೆಲ್‌ಗಳಿರುತ್ತವೆ, 27 ಇಂಚಿನ 4ಕೆ (3840×2160) ಪರದೆಯಲ್ಲಿ 163. ಇವೆರಡನ್ನು ಜೋಡಿಸಿದರೆ ವಿಂಡೋ ಒಂದರಿಂದ ಇನ್ನೊಂದಕ್ಕೆ ದಾಟುವಾಗ ಅಕ್ಷರಗಳು ಹಿಗ್ಗಿ ಕುಗ್ಗುತ್ತವೆ, ಕಣ್ಣು ಬೇಗ ದಣಿಯುತ್ತದೆ.

* * *

ಕೊಳ್ಳುವ ಮುನ್ನ ಲ್ಯಾಪ್‌ಟಾಪಿನ ಪೋರ್ಟ್‌ಗಳನ್ನು ಪರೀಕ್ಷಿಸಿ. ಈ ವಿಷಯದಲ್ಲಿ ನಾನು ಎಡವಿದ್ದೇನೆ. ಟೈಪ್-ಸಿ ಪೋರ್ಟ್ ಇದೆಯಲ್ಲ ಎಂದು ಧೈರ್ಯವಾಗಿ ಮಾನಿಟರ್ ತಂದೆ; ಆ ಪೋರ್ಟ್ ಚಾರ್ಜಿಗೂ ಫೈಲ್ ಸಾಗಿಸಲೂ ಮಾತ್ರ ಇತ್ತು, ಚಿತ್ರ ಕಳುಹಿಸುತ್ತಿರಲಿಲ್ಲ. ಎಂ1, ಎಂ2 ಚಿಪ್ಪಿನ ಮ್ಯಾಕ್‌ಬುಕ್ ಏರ್‌ಗಳೂ ನೇರವಾಗಿ ಒಂದೇ ಹೊರ ಮಾನಿಟರಿಗೆ ಚಿತ್ರ ಕೊಡುತ್ತವೆ. ಡಿಸ್‌ಪ್ಲೇಲಿಂಕ್ ತಂತ್ರದ ಡಾಕ್ (ಲ್ಯಾಪ್‌ಟಾಪಿಗೆ ಸಿಕ್ಕಿಸುವ, ಹಲವು ಪೋರ್ಟ್‌ಗಳಿರುವ ಪೆಟ್ಟಿಗೆ) ಹಾಕಿದರೆ ಎರಡನೆಯದೂ ಬೆಳಗುತ್ತದೆ, ನಾನೂ ಕೊನೆಗೆ ಅದನ್ನೇ ಹಾಕಿದೆ. ಆದರೆ ಅದು ಚಿತ್ರವನ್ನು ತಂತ್ರಾಂಶದ ಮೂಲಕ ಕುಗ್ಗಿಸಿ ಯುಎಸ್‌ಬಿಯಲ್ಲಿ ಸಾಗಿಸುತ್ತದೆ. ಲೆಕ್ಕದ ಹಾಳೆಗೆ ಏನೂ ತೊಂದರೆಯಿಲ್ಲ. ಗೇಮ್ ಆಡುವ ಪರದೆಯನ್ನು ಮಾತ್ರ ಅದಕ್ಕೆ ಸಿಕ್ಕಿಸಬೇಡಿ.

* * *

ಗೇಮ್ ಬಗ್ಗೆ ಕೇಳಿದಿರಿ. ಆಡುವುದು ಒಂದೇ ಪರದೆಯಲ್ಲಾದರೆ ಎರಡನೆಯದರಿಂದ ಹೇಳಿಕೊಳ್ಳುವಂಥ ಹೊರೆಯಿಲ್ಲ. ಮೂರು ಪರದೆಗಳಿಗೂ ಹರಡಿ ಆಡಿದರೆ ಲೆಕ್ಕವೇ ಬೇರೆ: 1920×1080ರ ಒಂದು ಪರದೆಗೆ ಸುಮಾರು 21 ಲಕ್ಷ ಪಿಕ್ಸೆಲ್, ಮೂರಕ್ಕೆ 62 ಲಕ್ಷ, ಗ್ರಾಫಿಕ್ಸ್ ಕಾರ್ಡ್ ಪ್ರತಿ ಚಿತ್ರಕ್ಕೂ ಅಷ್ಟನ್ನೂ ಬಿಡಿಸಬೇಕು. ಕಾರು ಓಟ, ವಿಮಾನ ಹಾರಾಟದ ಆಟಗಳಿಗೆ ಅದು ನಿಜಕ್ಕೂ ಸೊಗಸು. ಉಳಿದವಕ್ಕೆ ಬೇಡ ಎಂದೇ ನನ್ನ ಅಭಿಪ್ರಾಯ.

ಕಾಡುವುದು ಸಣ್ಣ ಸಂಗತಿಗಳು. ಆಟದ ಬಿಸಿಯಲ್ಲಿ ಮೌಸ್ ಪಕ್ಕದ ಪರದೆಗೆ ಜಾರುತ್ತದೆ, ಗುಂಡು ಹಾರಿಸಲು ಒತ್ತಿದ ಕ್ಲಿಕ್ ಅಲ್ಲಿನ ಮೇಲ್ ಮೇಲೆ ಬೀಳುತ್ತದೆ, ಗೇಮ್ ಕಣ್ಮರೆಯಾಗುತ್ತದೆ. ಹಲವು ಗೇಮ್‌ಗಳಲ್ಲಿ ಮೌಸನ್ನು ವಿಂಡೋದೊಳಗೇ ಹಿಡಿದಿಡುವ ಆಯ್ಕೆ ಇರುತ್ತದೆ, ಹುಡುಕಿ ಹಾಕಿಕೊಳ್ಳಿ. ಅಂಚಿಲ್ಲದ ವಿಂಡೋದಲ್ಲಿ (ಸೆಟ್ಟಿಂಗ್‌ನಲ್ಲಿ ‘ಬಾರ್ಡರ್‌ಲೆಸ್’) ಆಡಿದರೆ ಗೇಮ್ ಕೆಳಗಿಳಿಯುವುದೂ ತಪ್ಪುತ್ತದೆ. ಮಾನಿಟರ್ 144 ಹರ್ಟ್ಸ್‌ನದಾದರೆ, ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವಂಥದ್ದಾದರೆ, ಸೆಟ್ಟಿಂಗ್‌ನಲ್ಲಿ ಅದನ್ನು ಕೈಯಾರೆ ಆರಿಸಿದ್ದೀರಾ ನೋಡಿ. ನನ್ನದು ತಿಂಗಳುಗಟ್ಟಲೆ 60ರಲ್ಲೇ ಓಡುತ್ತಿತ್ತು.

ಕೆಲಸಕ್ಕೂ ಒಂದು ಮಾತು: ವಿಂಡೋಸ್‌ನಲ್ಲಿ ವಿಂಡೋಸ್ ಕೀಲಿ, ಶಿಫ್ಟ್ ಮತ್ತು ಬಾಣದ ಕೀಲಿಯನ್ನು ಒಟ್ಟಿಗೆ ಒತ್ತಿದರೆ ವಿಂಡೋ ಪಕ್ಕದ ಪರದೆಗೆ ಹಾರುತ್ತದೆ. ಒಂದೇ ವಾರದಲ್ಲಿ ಬೆರಳಿಗೆ ರೂಢಿಯಾಗುತ್ತದೆ.

* * *

ಮೂರು ಮಾನಿಟರ್ ಇಟ್ಟುಕೊಂಡು ಮತ್ತೆ ಎರಡಕ್ಕೆ ಇಳಿದವಳು ನಾನು. ಮೂರನೆಯದರಲ್ಲಿ ಮೇಲ್ ಮತ್ತು ಹರಟೆ ತೆರೆದಿರುತ್ತಿದ್ದವು. ಕಣ್ಣಂಚಿನಲ್ಲಿ ಏನಾದರೂ ಮಿನುಗಿದರೆ ಸಾಕು, ಓದುತ್ತಿದ್ದ ಸಾಲು ಕೈತಪ್ಪುತ್ತಿತ್ತು. ಅದನ್ನು ತೆಗೆದು, ಇದ್ದುದರಲ್ಲಿ ಒಂದನ್ನು 90 ಡಿಗ್ರಿ ತಿರುಗಿಸಿ ನಿಲ್ಲಿಸಿದೆ. ಕರಡು ತಿದ್ದುವುದು ನನ್ನ ಕೆಲಸ. ನಿಂತ ಪರದೆಯಲ್ಲಿ ಇಡೀ ಪುಟ ಒಮ್ಮೆಗೇ ಕಾಣುತ್ತದೆ, ತಪ್ಪಿದ ಒತ್ತಕ್ಷರ ಥಟ್ಟನೆ ಕಣ್ಣಿಗೆ ಬೀಳುತ್ತದೆ. ಉದ್ದನೆಯ ಲೆಡ್ಜರ್ ನೋಡುವ ನಿಮಗೂ ಇದು ಒದಗಬಹುದು. ತಿರುಗಿಸುವುದಾದರೆ ಐಪಿಎಸ್ ಬಗೆಯ ಪರದೆಯನ್ನೇ ಆರಿಸಿ, ಓರೆಯಿಂದ ನೋಡಿದರೂ ಅದರ ಬಣ್ಣ ಅಷ್ಟಾಗಿ ಬದಲಾಗದು. ಟಿಎನ್ ಬಗೆಯ ಪರದೆಯನ್ನು ನಿಲ್ಲಿಸಿದರೆ ಎಡಬಲ ಬದಿಗಳಲ್ಲಿ ಬಣ್ಣ ಬೇರೆಬೇರೆಯಾಗಿ ಕಾಣುತ್ತದೆ.

* * *

ಪ್ರಶ್ನೆ ಕೇಳಿದವನು ನಾನೇ. ಎಲ್ಲರಿಗೂ ಕೃತಜ್ಞತೆಗಳು. ಇನ್ನೊಂದೇ ತರುತ್ತೇನೆ, ಅದನ್ನು ನಿಲ್ಲಿಸುತ್ತೇನೆ. ಈಗಷ್ಟೇ ಟೇಪ್ ಹಿಡಿದು ಅಳೆದೆ: ಮೇಜು 110 ಸೆಂ.ಮೀ. ಅಗಲ, ಈಗಿನ ಮಾನಿಟರ್ 54. ಅದನ್ನು ಮೇಜಿನ ನಟ್ಟನಡುವೆ ಇಟ್ಟರೆ ಬದಿಯಲ್ಲಿ ಉಳಿಯುವುದು 28 ಮಾತ್ರ. ಹಾಗಾಗಿ ಮಾನಿಟರನ್ನೂ ಕುರ್ಚಿಯನ್ನೂ ಒಟ್ಟಿಗೆ ಎಡಕ್ಕೆ ಸರಿಸಿದೆ. ಸ್ಟ್ಯಾಂಡಿನ ಪಾದವೇ ಮೇಜಿನ ಆಳದಲ್ಲಿ 20 ಸೆಂ.ಮೀ. ತಿನ್ನುತ್ತಿದೆ, ಆದ್ದರಿಂದ ಮೇಜಿನ ಅಂಚಿಗೆ ಬಿಗಿಯುವ ತೋಳು ಬೇಕಾಗಬಹುದು. ಮಾನಿಟರನ್ನು ಮೆಲ್ಲನೆ ತಿರುಗಿಸಿ ಬೆನ್ನು ನೋಡಿದೆ: ತೋಳು ಬಿಗಿಯಲು ನಾಲ್ಕು ಸ್ಕ್ರೂ ತೂತುಗಳಿವೆ, ಒಂದರಿಂದೊಂದಕ್ಕೆ ಸರಿಯಾಗಿ 100 ಮಿ.ಮೀ.