ನೌಕಾಪಡೆಯ ನಿವೃತ್ತಿಯ ಬಳಿಕ ರೈಲ್ವೆ ನೌಕರಿ: ಸೇರುವುದು ಲೇಸೇ?

ಪ್ರಶ್ನೆ (ಕಾರವಾರ)

ನೌಕಾಪಡೆಯಲ್ಲಿ ನಾವಿಕನಾಗಿ 15 ವರ್ಷ ದುಡಿದು, ಅರ್ಗಾದ ಕದಂಬ ನೌಕಾನೆಲೆಯಿಂದ ಈಚೆಗೆ ಪಿಂಚಣಿಯೊಂದಿಗೆ ನಿವೃತ್ತನಾಗಿದ್ದೇನೆ. ವಯಸ್ಸು 36. ಮನೆಯಲ್ಲಿ ಸುಮ್ಮನೆ ಕೂರುವ ವಯಸ್ಸಲ್ಲ. ಸ್ಟೇಷನ್ ಮಾಸ್ಟರ್ ಹುದ್ದೆಯ ಮೇಲೆ ಮನಸ್ಸಿದೆ. ಆದರೆ ಪದವಿ ಇಲ್ಲ, ಮಕ್ಕಳ ಶಾಲೆ ಇಲ್ಲೇ ಇರುವುದರಿಂದ ದೂರ ಹೋಗುವ ಇಚ್ಛೆಯೂ ಇಲ್ಲ. ಶಿರವಾಡದ ನಿಲ್ದಾಣದಲ್ಲೋ ಕುಮಟಾ, ಹೊನ್ನಾವರದ ಕಡೆಯೋ ಕೆಲಸ ಸಿಗಬಹುದೇ? ಈಗ ಬರುತ್ತಿರುವ ಪಿಂಚಣಿಗೆ ಕತ್ತರಿ ಬೀಳುತ್ತದೆಯೇ?

ಉತ್ತರ 1 (ಕುಮಟಾ)

ವಯಸ್ಸು ನಿಮಗೆ ತೊಡಕಾಗದು. ಮಾಜಿ ಸೈನಿಕರ ವಯಸ್ಸಿನಿಂದ ಸೇವಾವಧಿಯನ್ನು ಕಳೆದು, ಅದರ ಮೇಲೆ 3 ವರ್ಷಗಳ ಸಡಿಲಿಕೆಯನ್ನೂ ಕೊಡುತ್ತಾರೆ. ತೊಡಕಾದರೆ ಅದು ಕಣ್ಣಿನಿಂದ. ಸ್ಟೇಷನ್ ಮಾಸ್ಟರ್ ಹುದ್ದೆ ‘ಎ-2’ ವೈದ್ಯಕೀಯ ವರ್ಗದ್ದಾದ್ದರಿಂದ, ಸಾಮಾನ್ಯ ಅಭ್ಯರ್ಥಿಗೆ ದೂರದ ದೃಷ್ಟಿ ಎರಡೂ ಕಣ್ಣಿಗೆ ಕನ್ನಡಕವಿಲ್ಲದೆ 6/9 ಇರಬೇಕು, ಹತ್ತಿರದ ಅಕ್ಷರಗಳೂ ಕನ್ನಡಕವಿಲ್ಲದೆಯೇ ಕಾಣಬೇಕು, ಬಣ್ಣಗಳನ್ನು ಗುರುತಿಸುವ ಪರೀಕ್ಷೆಯನ್ನೂ ದಾಟಬೇಕು. ನಲವತ್ತರ ಹೊಸ್ತಿಲಲ್ಲಿ ಓದುವ ಕನ್ನಡಕ ಬಂದುಬಿಡುವುದೇ ಹೆಚ್ಚು. ಮಾಜಿ ಸೈನಿಕರಿಗೆ ರೈಲ್ವೆ ವೈದ್ಯಕೀಯ ಕೈಪಿಡಿಯ 534ನೆಯ ಕಂಡಿಕೆಯಲ್ಲಿ ಬೇರೆ ಮಾನದಂಡಗಳಿವೆ. ಅದನ್ನು ಓದಿಕೊಂಡು, ಅರ್ಜಿಗೆ ಮೊದಲೇ ನೇತ್ರ ತಜ್ಞರಲ್ಲಿ ತಪಾಸಣೆ ಮಾಡಿಸಿ. ಟಿಕೆಟ್ ಗುಮಾಸ್ತನ ಹುದ್ದೆ ‘ಬಿ-2’, ಲೆಕ್ಕಪತ್ರ ಗುಮಾಸ್ತನದು ‘ಸಿ-2’. ಅಲ್ಲಿ ಇಷ್ಟು ಬಿಗಿಯಿಲ್ಲ.

ಕೆಲಸದ ಸ್ವರೂಪವನ್ನೂ ತಿಳಿದಿರಿ. ನಮ್ಮ ಕರಾವಳಿಯಲ್ಲಿ ಇರುವುದು ಒಂಟಿ ಹಳಿ. ಎದುರಿನ ಗಾಡಿ ಬಂದು ಲೂಪಿನಲ್ಲಿ (ನಿಲ್ದಾಣದ ಪಕ್ಕದ ಹಳಿಯಲ್ಲಿ) ನಿಲ್ಲುವವರೆಗೆ ಈ ಕಡೆಯದನ್ನು ಬಿಡುವಂತಿಲ್ಲ. ಮಳೆಗಾಲದ ವೇಳಾಪಟ್ಟಿ ಜಾರಿಗೆ ಬಂದ ಮೇಲೆ ವೇಗದ ಮಿತಿ, ಗುಡ್ಡ ಕುಸಿತದ ಭಯ, ಹಳಿಯ ಗಸ್ತಿನವರ ಸಂದೇಶಗಳು ಎಲ್ಲ ಸೇರಿ ರಾತ್ರಿ ಪಾಳಿಯಲ್ಲಿ ಕಣ್ಣು ಮುಚ್ಚಲು ಬಿಡುವುದಿಲ್ಲ. ಹಡಗಿನಲ್ಲಿ ಪಾಳಿಯ ಪಹರೆ ಕಾದವರಿಗೆ ಇದು ಹೊಸದೇನಲ್ಲ ಎಂದುಕೊಳ್ಳುತ್ತೇನೆ.

ಉತ್ತರ 2 (ಶಿರಸಿ)

ಊರಿನ ಪ್ರಶ್ನೆಯೇ ನನಗೆ ಮುಖ್ಯವಾಗಿ ಕಾಣುತ್ತದೆ, ಏಕೆಂದರೆ ಇಲ್ಲಿ ಎರಡು ಬೇರೆ ಬೇರೆ ಸಂಸ್ಥೆಗಳಿವೆ. ಕಾರವಾರದಿಂದ ಭಟ್ಕಳದವರೆಗಿನ ನಿಲ್ದಾಣಗಳು ಕೊಂಕಣ ರೈಲ್ವೆ ನಿಗಮದವು. ಅದು ತನ್ನ ನೇಮಕಾತಿಯನ್ನು ತಾನೇ ನಡೆಸುತ್ತದೆ, ಮಾರ್ಗಕ್ಕೆ ಜಮೀನು ಕೊಟ್ಟ ಕುಟುಂಬದವರಿಗೆ ಆದ್ಯತೆ ನೀಡುತ್ತದೆ. ಬೆಂಗಳೂರಿನ ರೈಲ್ವೆ ನೇಮಕಾತಿ ಮಂಡಳಿಯ ಮೂಲಕ ನೈಋತ್ಯ ರೈಲ್ವೆಗೆ ಆಯ್ಕೆಯಾದವರು ಹುಬ್ಬಳ್ಳಿ, ಬೆಂಗಳೂರು, ಮೈಸೂರು ವಿಭಾಗಗಳಲ್ಲಿ ಎಲ್ಲಿಗಾದರೂ ಹೋಗಬೇಕಾದೀತು. ನಮ್ಮ ಜಿಲ್ಲೆಯೊಳಗೇ ಇದ್ದರೂ ಕ್ಯಾಸಲ್‌ರಾಕ್ ಹುಬ್ಬಳ್ಳಿ ವಿಭಾಗದ್ದು. ಅಲ್ಲಿಗೆ ಹಾಕಿದರೂ ಕಾರವಾರದ ಮನೆಯಿಂದ ದಿನವೂ ಓಡಾಡಲಾಗದು. ಹುಬ್ಬಳ್ಳಿ–ಅಂಕೋಲಾ ಮಾರ್ಗವಾದ ಮೇಲೆ ಹತ್ತಿರ ಬರಬಹುದೆಂಬ ಲೆಕ್ಕವನ್ನಂತೂ ಹಾಕಬೇಡಿ. ಪಶ್ಚಿಮ ಘಟ್ಟದ ಕಾಡಿನ ವಿಚಾರದಲ್ಲಿ ಸಿಕ್ಕಿಕೊಂಡ ಆ ಯೋಜನೆಯ ಸುದ್ದಿ ಕೇಳುತ್ತಲೇ ನಮ್ಮ ತಲೆ ನರೆತಿದೆ.

ನನ್ನ ಅಭಿಪ್ರಾಯದಲ್ಲಿ, ಮಕ್ಕಳ ಓದು ಮುಗಿಯುವವರೆಗೆ ಊರು ಬಿಡಲಾಗದು ಎಂಬುದು ಖಚಿತವಿದ್ದರೆ ಕೊಂಕಣ ರೈಲ್ವೆಯ ಪ್ರಕಟಣೆಗೇ ಕಾಯಿರಿ. ಅಲ್ಲಿಯೂ ರತ್ನಾಗಿರಿ ಕಡೆಗೆ ಹಾಕಿದರೆ ಹೋಗಲೇಬೇಕು.

ಉತ್ತರ 3 (ಅಂಕೋಲಾ, ಮಾಜಿ ಸೈನಿಕ)

ಪಿಂಚಣಿಯ ಚಿಂತೆ ಬೇಡ. ಅಧಿಕಾರಿ ದರ್ಜೆಗಿಂತ ಕೆಳಗಿನವರು 55 ವರ್ಷಕ್ಕೆ ಮೊದಲು ನಿವೃತ್ತರಾಗಿ ಮರುನೇಮಕಗೊಂಡರೆ, ಹೊಸ ಸಂಬಳ ನಿಗದಿ ಮಾಡುವಾಗ ಮಿಲಿಟರಿ ಪಿಂಚಣಿಯನ್ನು ಪೂರ್ತಿಯಾಗಿ ಬದಿಗಿಡುತ್ತಾರೆ. ಮೆಟ್ರಿಕ್ ಆಗಿ 15 ವರ್ಷ ಸೇವೆ ಮಾಡಿದವರನ್ನು, ತಾಂತ್ರಿಕ ಅರ್ಹತೆ ಬೇಡದ ‘ಸಿ’ ಗುಂಪಿನ ಪದವಿ ಮಟ್ಟದ ಹುದ್ದೆಗಳಿಗೂ ಪರಿಗಣಿಸುವ ನಿಯಮವಿದೆ. ಆಯಾ ಪ್ರಕಟಣೆಯಲ್ಲಿ ಆ ಸಾಲನ್ನು ಹುಡುಕಿ ನೋಡಿ.

ಎಚ್ಚರ ವಹಿಸಬೇಕಾದದ್ದು ಮೀಸಲಾತಿಯ ವಿಷಯದಲ್ಲಿ. ‘ಸಿ’ ಗುಂಪಿನಲ್ಲಿ ಶೇ. 10, ಲೆವೆಲ್-1ರಲ್ಲಿ (ಅತಿ ಕೆಳಗಿನ ವೇತನ ಶ್ರೇಣಿಯಲ್ಲಿ) ಶೇ. 20 ಮಾಜಿ ಸೈನಿಕರಿಗೆ ಮೀಸಲಿದ್ದು, ಸಿಕ್ಕಿತೆಂದು ಲೆವೆಲ್-1ರ ಹುದ್ದೆಗೆ ಸೇರಿಬಿಟ್ಟರೆ ಮುಂದೆ ಆ ಮೀಸಲಾತಿಯ ಲಾಭ ದೊರೆಯುವುದಿಲ್ಲ. ಸೇರುವ ಮೊದಲೇ ಬೇರೆ ಹುದ್ದೆಗಳಿಗೆ ಅರ್ಜಿ ಹಾಕಿದ್ದು, ಸೇರಿದ ಕೂಡಲೇ ಆ ಅರ್ಜಿಗಳ ವಿವರವನ್ನು ಇಲಾಖೆಗೆ ಬರೆದುಕೊಟ್ಟರೆ ಮಾತ್ರ, ಅವುಗಳಲ್ಲಿ ಸಿಗುವ ಹುದ್ದೆಗೆ ವಿನಾಯಿತಿ ಇದೆ. ಗುತ್ತಿಗೆಯ ಮೇಲೆ ಗೇಟ್‌ಮನ್ ಆಗಿ ತೆಗೆದುಕೊಳ್ಳುವುದೂ ಉಂಟು. ಅದರಿಂದ ಈ ಹಕ್ಕು ಕೈತಪ್ಪುವುದಿಲ್ಲವಾದ್ದರಿಂದ, ದೊಡ್ಡ ಪ್ರಕಟಣೆ ಬರುವವರೆಗೆ ಅದನ್ನು ಮಾಡುತ್ತಲೇ ಪರೀಕ್ಷೆಗೆ ಓದಿಕೊಳ್ಳಬಹುದು.