ಲೈವ್ ಪೋಕರ್ ಟೂರ್ನಮೆಂಟ್: ಹಣ ಸಿಗುವ ಹೊತ್ತಲ್ಲಿ ಔಟಾದೆ, ಮತ್ತೆ ಹೋಗಬೇಕಾ?

ಮಣಿಪಾಲದವ:

ಎಲ್ಲರಿಗೂ ನಮಸ್ಕಾರ. ಉಡುಪಿ ಮಂಗಳೂರು ಕಡೆ ಪೋಕರ್ ಆಡುವವರು ಇದ್ದರೆ ದಯವಿಟ್ಟು ಉತ್ತರ ಕೊಡಿ. ಕಾಲೇಜಿನಿಂದಲೂ ಆನ್‌ಲೈನಲ್ಲಿ ಸಣ್ಣ ಟೂರ್ನಮೆಂಟ್ ಆಡುತ್ತಿದ್ದೆ. 2025ರ ಆಗಸ್ಟಲ್ಲಿ ಕೇಂದ್ರದ ಕಾನೂನು ಬಂದು ದುಡ್ಡಿಟ್ಟು ಆಡುವ ಆನ್‌ಲೈನ್ ಆಟ ಎಲ್ಲ ನಿಂತಿತು. ಹಾಗಾಗಿ ಮೊನ್ನೆ ಪಣಜಿಗೆ ಹೋಗಿ, ಮಾಂಡೋವಿ ನದಿಯ ಕ್ಯಾಸಿನೊ ಹಡಗೊಂದರಲ್ಲಿ ಮೊದಲ ಸಲ ಲೈವ್ ಆಡಿದೆ.

ಮಧ್ಯಾಹ್ನ ಕೂತವನು ನಡುರಾತ್ರಿ ದಾಟಿದರೂ ಉಳಿದಿದ್ದೆ. ಇನ್ನಿಬ್ಬರು ಔಟಾದರೆ ಉಳಿದವರಿಗೆಲ್ಲ ಹಣ. ಆಗ ನನಗೆ ಎರಡು ಎಕ್ಕ ಬಂತು. ನನಗಿಂತ ಜಾಸ್ತಿ ಚಿಪ್ ಇದ್ದವರೊಬ್ಬರು ಆಲ್-ಇನ್ (ಇದ್ದ ಚಿಪ್ ಎಲ್ಲ ಪಣಕ್ಕೆ) ಅಂದರು, ನಾನು ಕಾಲ್ ಮಾಡಿದೆ, ಅಂದರೆ ನನ್ನದನ್ನೂ ಇಟ್ಟೆ, ಅವರು ತಿರುಗಿಸಿದ್ದು ಎರಡು ಹತ್ತು. ಫ್ಲಾಪಲ್ಲಿ (ಎಲ್ಲರಿಗೂ ಸೇರಿ ಮೇಜಿನ ಮೇಲೆ ಬಿಡಿಸುವ ಮೊದಲ ಮೂರು ಎಲೆ) ಏನೂ ಇಲ್ಲ. ಟರ್ನಲ್ಲಿ, ಅಂದರೆ ನಾಲ್ಕನೆಯ ಎಲೆಯಲ್ಲಿ, ಕಳಾವರ್ ಮೂರು. ಕೊನೆಯ ಎಲೆ ಆಟೀನ್ ಹತ್ತು. ಅವರದ್ದು ಮೂರು ಹತ್ತಾಯಿತು, ನನ್ನ ಎಕ್ಕದ ಜೋಡಿ ಸೋತಿತು. ಡೀಲರ್ ನನ್ನ ಚಿಪ್‌ಗಳನ್ನು ಎರಡೂ ಕೈಯಲ್ಲಿ ಬಾಚಿ ಆಚೆ ತಳ್ಳಿದರು. ಎಂತ ಸಾವು ಮಾರಾಯ್ರೆ, ಎದ್ದು ನಿಂತವನಿಗೆ ಬಾಗಿಲು ಯಾವ ಕಡೆ ಅಂತಲೇ ಮರೆತು ಹೋಗಿತ್ತು.

ಊರಿಗೆ ಬಂದ ಮೇಲೂ ಅದೇ ಹತ್ತು ಕಣ್ಣೆದುರು. ಆದರೆ ಅಷ್ಟು ಹೊತ್ತು ಕೂತು ಆಡಿದ್ದರ ಖುಷಿ ಆನ್‌ಲೈನಲ್ಲಿ ಒಮ್ಮೆಯೂ ಸಿಕ್ಕಿರಲಿಲ್ಲ, ಅದೂ ನಿಜ. ವರ್ಷಗಟ್ಟಲೆ ಆಡಿದವರು ಇದನ್ನು ಹೇಗೆ ತಡೆದುಕೊಳ್ಳುತ್ತೀರಿ?

ಕದ್ರಿ ಕಂಬ್ಳ:

ಮೊದಲು ಲೆಕ್ಕ ನೋಡಿ. ಎಕ್ಕದ ಜೋಡಿ ಹತ್ತರ ಜೋಡಿ ಎದುರು ಸುಮಾರು 80% ಸಲ ಗೆಲ್ಲುತ್ತದೆ. ಆದರೆ ಟೂರ್ನಮೆಂಟಲ್ಲಿ ಇಂಥ ಆಲ್-ಇನ್ ಒಂದೇ ಸಲ ಬಂದು ಮುಗಿಯುವುದಿಲ್ಲ. ಮೂರು ಸಲ ಬಂತು, ಮೂರರಲ್ಲೂ ನೀವೇ 80% ಮುಂದೆ ಇದ್ದೀರಿ ಅಂತಿಟ್ಟುಕೊಳ್ಳಿ. ಮೂರನ್ನೂ ಗೆದ್ದು ಉಳಿಯುವ ಸಾಧ್ಯತೆ ಬರೀ 51%. ಅಂದರೆ ಎಲ್ಲ ಸರಿಯಾಗಿ ಆಡಿದರೂ ಅರ್ಧಕ್ಕರ್ಧ ಸಲ ನೀವು ಮನೆಗೇ. ಸಾಮಾನ್ಯವಾಗಿ ನೂರು ಜನ ಆಡಿದರೆ ಹದಿನೈದು ಜನರಿಗೆ ಹಣ ಸಿಗುತ್ತದೆ, ಅದರಲ್ಲೂ ದೊಡ್ಡ ಪಾಲು ಮೊದಲ ಮೂವರಿಗೆ. ಎಂಥ ಆಟಗಾರನೂ ಹೆಚ್ಚಿನ ಸಲ ಬರಿಗೈಲಿ ವಾಪಸ್ ಬರುವ ಆಟ ಇದು. ಇದನ್ನು ಒಪ್ಪಿಕೊಳ್ಳಲಿಕ್ಕೆ ಆಗದಿದ್ದರೆ ಟೂರ್ನಮೆಂಟ್ ಬೇಡ.

ಲೈವಲ್ಲಿ ಇನ್ನೊಂದು ಕಷ್ಟ ಉಂಟು. ಗಂಟೆಗೆ 25-30 ಹ್ಯಾಂಡ್ (ಎಲೆ ಹಂಚಿ ಆಡುವ ಸುತ್ತು) ಅಷ್ಟೇ. ಎರಡು ಎಕ್ಕ ಬರುವುದು 221 ಹ್ಯಾಂಡಿಗೆ ಒಂದು ಸಲ. ಹಾಗಾಗಿ ದಿನಕ್ಕೆ ಒಮ್ಮೆ ಬಂದರೆ ಹೆಚ್ಚು, ಅದೂ ಮುರಿದು ಬಿದ್ದರೆ ಇಡೀ ದಿನ ಹಾಳಾದ ಹಾಗೆ ಅನಿಸುವುದು ಸಹಜವೇ.

ಖುಷಿ ಬೇರೆ ಕಡೆ ಉಂಟು. ಒಮ್ಮೆ ಫೈನಲ್ ಟೇಬಲಲ್ಲಿ ನನ್ನ ಕೈಯಲ್ಲಿ ರಾಣಿ ಜೋಡಿ ಇತ್ತು. ಎದುರು ಒಬ್ಬರು ಹಿರಿಯರು. ಸಂಜೆಯಿಂದ ಬೆಟ್ ಮಾಡುವಾಗೆಲ್ಲ ಚಿಪ್‌ಗಳನ್ನು ಎರಡು ಸಲ ಎಣಿಸಿ ನಿಧಾನಕ್ಕೆ ಮುಂದೆ ಇಡುತ್ತಿದ್ದರು. ಆ ಹ್ಯಾಂಡಲ್ಲಿ ಮಾತ್ರ ಎಣಿಸಲೇ ಇಲ್ಲ. ನಾನು ರೇಸ್ ಮಾಡಿದ (ಬೆಟ್ ಏರಿಸಿದ) ತಕ್ಷಣ ಇಡೀ ಸ್ಟ್ಯಾಕ್ ತಳ್ಳಿದರು. ತುಂಬ ಹೊತ್ತು ಯೋಚಿಸಿ ಫೋಲ್ಡ್ ಮಾಡಿದೆ, ಅಂದರೆ ಎಲೆ ಬಿಟ್ಟುಕೊಟ್ಟೆ. ಅವರು ನಕ್ಕು ಎರಡು ರಾಜ ತೋರಿಸಿದರು. ಆ ಟೂರ್ನಮೆಂಟನ್ನು ನಾನು ಗೆಲ್ಲಲಿಲ್ಲ, ಆದರೂ ಆ ಫೋಲ್ಡ್ ನೆನೆಸಿಕೊಂಡರೆ ಇವತ್ತಿಗೂ ಮೈ ಜುಮ್ ಅನ್ನುತ್ತದೆ. ಪರದೆ ನೋಡಿ ಆಡುವಾಗ ಇದು ಸಿಗುವುದಿಲ್ಲ. ಬಬಲ್ ಹೊತ್ತಲ್ಲಿ, ಅಂದರೆ ಹಣ ಸಿಗುವ ಸ್ವಲ್ಪ ಮೊದಲು, ಒಂದು ಟೇಬಲಲ್ಲಿ ಆಲ್-ಇನ್ ಆದರೆ ಬೇರೆ ಟೇಬಲಿನವರೆಲ್ಲ ಎದ್ದು ಬಂದು ಸುತ್ತ ನಿಲ್ಲುತ್ತಾರಲ್ಲ, ನೀವೂ ನೋಡಿರಬೇಕು.

ಸುರತ್ಕಲ್ ಅಕ್ಕ:

ಕದ್ರಿಯವರು ಹೇಳಿದ್ದು ಸರಿ, ಆದರೆ ದುಡ್ಡಿನ ಮಾತು ಬಿಟ್ಟರು. ತಮ್ಮಾ, ನಿಮ್ಮ ಟೂರ್ನಮೆಂಟಲ್ಲಿ ರೀ-ಎಂಟ್ರಿ (ಔಟಾದ ಮೇಲೆ ಮತ್ತೆ ದುಡ್ಡು ಕಟ್ಟಿ ಕೂರುವ ಅವಕಾಶ) ಇತ್ತಾ? ಅದರ ಬಗ್ಗೆ ಹುಷಾರು. ಔಟಾದ ಐದು ನಿಮಿಷದಲ್ಲಿ ಸಿಟ್ಟು ತಲೆಗೇರಿರುತ್ತದೆ, ಕೌಂಟರ್ ಅಲ್ಲೇ ಇರುತ್ತದೆ, ಕಾರ್ಡ್ ಉಜ್ಜಿದರೆ ಮತ್ತೆ ಕುರ್ಚಿ. ಒಂದು ಬೈ-ಇನ್ (ಆಟಕ್ಕೆ ಸೇರುವ ದುಡ್ಡು) ಅಂತ ಹೋದವರು ಮೂರು ಕಟ್ಟಿ ಬರುವುದನ್ನು ಕಣ್ಣಾರೆ ನೋಡಿದ್ದೇನೆ. ನಾನು ಎಷ್ಟು ಸಲ ಕಟ್ಟುತ್ತೇನೆ ಅಂತ ಮನೆಯಲ್ಲೇ ನಿರ್ಧಾರ ಮಾಡುತ್ತೇನೆ, ಎಟಿಎಂ ಕಾರ್ಡನ್ನು ಲಾಡ್ಜಲ್ಲೇ ಬಿಟ್ಟು ಹೋಗುತ್ತೇನೆ.

ಮತ್ತೆ ತೆರಿಗೆ. 10,000 ರೂಪಾಯಿಗಿಂತ ಜಾಸ್ತಿ ಬಹುಮಾನ ಬಂದರೆ 30% ಕೈಗೆ ಸಿಗುವ ಮೊದಲೇ ಕಟ್. ಅದಕ್ಕಿಂತ ಹಿಂದೆ ಸೋತ ಬೈ-ಇನ್‌ಗಳನ್ನು ಈ ಗೆಲುವಿನಿಂದ ಕಳೆದು ತೋರಿಸಲಿಕ್ಕೂ ಆಗುವುದಿಲ್ಲ. ಬೈ-ಇನ್‌ನಲ್ಲಿ ಕ್ಯಾಸಿನೊದವರ ಪಾಲು ಬೇರೆ ಹೋಗುತ್ತದೆ. ರೈಲು, ರೂಮ್, ಊಟ ಸೇರಿಸಿ. ಇದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ, ಬರೆಯದಿದ್ದರೆ ಗೆದ್ದದ್ದು ಮಾತ್ರ ನೆನಪಲ್ಲಿ ಉಳಿಯುತ್ತದೆ.

ಇನ್ನೊಂದು, ಗೋವಾ ದೂರ ಅಂತ ಇಲ್ಲೇ ಯಾವುದೋ ರೂಮಲ್ಲಿ ಗುಟ್ಟಾಗಿ ನಡೆಯುವ ಆಟಕ್ಕೆ ಮಾತ್ರ ಹೋಗಬೇಡಿ. ಅಲ್ಲಿ ಎಲೆ ಕಲಸುವವನು ಯಾರು, ದುಡ್ಡು ಹಿಡಿಯುವವನು ಯಾರು ಅಂತ ಗೊತ್ತಿರುವುದಿಲ್ಲ, ರೇಡ್ ಆದರೆ ಮರ್ಯಾದೆಯೂ ಹೋಗುತ್ತದೆ.

ಕುಂದಾಪ್ರದವ:

ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೇಸರ ಮಾಡಬೇಡಿ. 2003ರಲ್ಲಿ ಕ್ರಿಸ್ ಮನಿಮೇಕರ್ ಅನ್ನುವ ಅಕೌಂಟೆಂಟ್ 86 ಡಾಲರಿನ ಆನ್‌ಲೈನ್ ಸ್ಯಾಟಲೈಟ್ (ದೊಡ್ಡ ಟೂರ್ನಮೆಂಟಿಗೆ ಪ್ರವೇಶ ಗೆಲ್ಲುವ ಸಣ್ಣ ಆಟ) ಗೆದ್ದು, 10,000 ಡಾಲರ್ ಬೈ-ಇನ್‌ನ ಪೋಕರ್ ವರ್ಲ್ಡ್ ಸೀರೀಸ್ ಮೇನ್ ಈವೆಂಟಿಗೆ ಹೋಗಿ 25 ಲಕ್ಷ ಡಾಲರ್ ಗೆದ್ದ. ಆ ವರ್ಷ 839 ಜನ ಆಡಿದ್ದರು. ಮರುವರ್ಷ 2,576. ಎಲ್ಲರಿಗೂ ನಾನೇ ಮುಂದಿನವನು ಅನ್ನುವ ಆಸೆ. ಆ 2,576ರಲ್ಲಿ ಗೆದ್ದದ್ದು ಒಬ್ಬ, ಉಳಿದವರ ಹೆಸರು ಯಾರಿಗೆ ಗೊತ್ತು?

ಪೋಕರ್ ಬರೀ ಅದೃಷ್ಟ ಅಂತ ನಾನು ಹೇಳುವುದಿಲ್ಲ, ಉಲಾಯಿ ಪಿದಾಯಿ (ಅಂದರ್ ಬಾಹರ್) ಜೊತೆ ಇದನ್ನು ಸೇರಿಸುವುದು ತಪ್ಪು. ಬುದ್ಧಿಯ ಆಟವೇ. ಆದರೆ ಆ ಬುದ್ಧಿ ಲೆಕ್ಕಕ್ಕೆ ಬರಬೇಕಾದರೆ ಸಾವಿರಾರು ಟೂರ್ನಮೆಂಟ್ ಆಡಬೇಕು. ವರ್ಷಕ್ಕೆ ನಾಲ್ಕೈದು ಸಲ ಗೋವಾಕ್ಕೆ ಹೋಗುವವನು ಜೀವಮಾನ ಇಡೀ ಆಡಿದರೂ ಅಷ್ಟಾಗುವುದಿಲ್ಲ. ಹಾಗಾಗಿ ನಮ್ಮಂಥವರಿಗೆ ಇದು ಖರ್ಚಿನ ಹವ್ಯಾಸ. ಆದಾಯ ಅಂತ ಲೆಕ್ಕ ಹಾಕಿ ಕೆಲಸ ಗಿಲಸ ಬಿಡುವ ಯೋಚನೆ ಇದ್ದರೆ ಈಗಲೇ ಕೈಬಿಡಿ.

ಮಣಿಪಾಲದವ:

ಕೆಲಸ ಬಿಡುವ ಯೋಚನೆ ಖಂಡಿತ ಇಲ್ಲ. 51% ಲೆಕ್ಕ ನೋಡಿ ನಿಜವಾಗಿಯೂ ಮನಸ್ಸು ಹಗುರ ಆಯಿತು, ನಾನು ಆ ಒಂದು ಹ್ಯಾಂಡನ್ನೇ ಹಿಡಿದುಕೊಂಡು ಕೂತಿದ್ದೆ. ಅಕ್ಕಾ, ರೀ-ಎಂಟ್ರಿ ಇತ್ತು, ಆದರೆ ನಾನು ಔಟಾಗುವಾಗ ಅದರ ಸಮಯ ಮುಗಿದಿತ್ತು. ತೆರಿಗೆಯ ವಿಷಯ ಗೊತ್ತೇ ಇರಲಿಲ್ಲ. ಈ ಸಲ ಮಳೆಗಾಲ ಮುಗಿದ ಮೇಲೆ ಒಂದೇ ಬೈ-ಇನ್ ಇಟ್ಟುಕೊಂಡು ಹೋಗುತ್ತೇನೆ. ಬೆಳಿಗ್ಗೆ ಉಡುಪಿಯಿಂದ ರೈಲು ಹತ್ತಿದರೆ ಮಧ್ಯಾಹ್ನದ ಆಟಕ್ಕೆ ಮುಟ್ಟಬಹುದಾ?

ಕದ್ರಿ ಕಂಬ್ಳ:

ಮುಟ್ಟಬಹುದು, ಆದರೆ ಹಾಗೆ ಮಾಡಬೇಡಿ. ರೈಲು ಮಡಗಾಂವ್‌ವರೆಗೆ, ಅಲ್ಲಿಂದ ಪಣಜಿಗೆ ಮತ್ತೆ ಮೂವತ್ತು ಕಿಲೋಮೀಟರ್ ಮೇಲುಂಟು. ಆಮೇಲೆ ಜೆಟ್ಟಿಯಲ್ಲಿ ದೋಣಿಗೆ ಕಾಯಬೇಕು. ಸುಸ್ತಾಗಿ ಕೂತರೆ ರಾತ್ರಿ ಹತ್ತರ ಮೇಲೆ ತಲೆ ಓಡುವುದಿಲ್ಲ, ದೊಡ್ಡ ಹ್ಯಾಂಡ್‌ಗಳು ಬರುವುದು ಆಗಲೇ. ಹಿಂದಿನ ದಿನವೇ ಹೋಗಿ ಚೆನ್ನಾಗಿ ನಿದ್ದೆ ಮಾಡಿ. ಒಂದು ಸ್ವೆಟರ್ ಇಟ್ಟುಕೊಳ್ಳಿ, ಒಳಗೆ ಎಸಿ ಸಿಕ್ಕಾಪಟ್ಟೆ ಚಳಿ. ದಿನ ಗೊತ್ತಾದ ಮೇಲೆ ಇಲ್ಲೇ ಹಾಕಿ, ನಾನೂ ಬರುತ್ತೇನೆ.