ಕನ್ನಡಕ್ಕೆ ಮೂಲೆ ಅಕ್ಷರ: ದುಂಡು ಲಿಪಿಯನ್ನು ನೇರ ಗೆರೆಗೆ ತರುವುದು ಹೇಗೆ?

ಪ್ರಶ್ನೆ: ಸರ್, ಪೋಸ್ಟರ್ ಶೀರ್ಷಿಕೆಗಳಿಗಾಗಿ ಬರೀ ನೇರ ಗೆರೆ ಮತ್ತು 45 ಡಿಗ್ರಿ ಓರೆಗಳಲ್ಲಿ ಕನ್ನಡ ಫಾಂಟ್ ಮಾಡುತ್ತಿದ್ದೇನೆ. ಗೆರೆಯ ದಪ್ಪ ಎಲ್ಲ ಕಡೆ 120 ಯೂನಿಟ್ (ಫಾಂಟ್ ವಿನ್ಯಾಸದ ಅಳತೆ). ಆದರೂ ಮೂಲೆಗಳು ಗಂಟು ಕಟ್ಟಿದಂತೆ ಕಪ್ಪಾಗಿ ಕಾಣುತ್ತವೆ. ‘ವು’ ಮತ್ತು ‘ಮ’ ಒಂದೇ ಥರ ಓದಿಸಿಕೊಳ್ಳುತ್ತವೆ. ಕನ್ನಡಕ್ಕೆ ಕೋನ ಒಗ್ಗುವುದೇ ಇಲ್ಲ ಅನ್ನುವವರೂ ಇದ್ದಾರೆ. ಏನು ಮಾಡಲಿ?

ಉತ್ತರ: ಒಗ್ಗುವುದಿಲ್ಲ ಎಂಬ ಮಾತನ್ನು ನಂಬಬೇಡಿ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿರುವ 5ನೇ ಶತಮಾನದ ಕದಂಬರ ಸ್ತಂಭಶಾಸನ ನೋಡಿ. ಭಾಷೆ ಸಂಸ್ಕೃತ, ಆದರೆ ಲಿಪಿ ನಮ್ಮ ಲಿಪಿಯ ಹಿರಿಯಜ್ಜ. ಅಲ್ಲಿ ಅಕ್ಷರಗಳ ತಲೆಯ ಮೇಲೆ ಚೌಕನೆಯ ಪುಟ್ಟ ಪೆಟ್ಟಿಗೆಗಳಿವೆ. ದುಂಡುತನ ನಮ್ಮ ಲಿಪಿಗೆ ಬೆಳೆಯುತ್ತಾ ಬಂದದ್ದು.

ಗಂಟಿನ ಕಾರಣ ಲೆಕ್ಕದಲ್ಲೇ ಇದೆ. ಹೊರಮೂಲೆಯನ್ನು ಎಷ್ಟು ಕತ್ತರಿಸಿದಿರೋ ಒಳಮೂಲೆಯನ್ನೂ ಅಷ್ಟೇ ಕತ್ತರಿಸಿರುತ್ತೀರಿ. ಆಗ ಓರೆಯ ಜಾಗದಲ್ಲಿ ದಪ್ಪ 1.41 ಪಟ್ಟಾಗುತ್ತದೆ, 120 ಇದ್ದದ್ದು 170ಕ್ಕೆ ಹೋಗುತ್ತದೆ. ದಪ್ಪ ಸಮ ಇರಬೇಕಾದರೆ ಹೊರಗಿನ ಕಡಿತದಿಂದ ಗೆರೆಯ ದಪ್ಪದ 0.586 ಪಾಲನ್ನು ಕಳೆದು, ಉಳಿದಷ್ಟನ್ನೇ ಒಳಗೆ ಕತ್ತರಿಸಿ. ಹೊರಗೆ 120 ಆದರೆ ಒಳಗೆ 50.

ಇನ್ನೊಂದು ಸಂಗತಿ. ಅಡ್ಡಗೆರೆ ಮತ್ತು ನಿಲುಗೆರೆ ಅಳತೆಯಲ್ಲಿ ಸಮ ಇದ್ದರೆ ಕಣ್ಣಿಗೆ ಅಡ್ಡಗೆರೆಯೇ ದಪ್ಪ. ನಿಲುಗೆರೆ 120 ಇರಲಿ, ಅಡ್ಡಗೆರೆ 104ಕ್ಕೆ ಇಳಿಸಿ, ಓರೆ 112ರ ಸುಮಾರು ಬರಲಿ. ಆಗ ಹೊರಗಿನ 120ಕ್ಕೆ ಒಳಗಿನ ಕಡಿತ 55 ಆಗುತ್ತದೆ. ಅಕ್ಷರ ಬರೆಯಲು 20 ಯೂನಿಟ್ ಗ್ರಿಡ್ (ಚೌಕಮನೆಗಳ ಜಾಲ) ಇಟ್ಟುಕೊಂಡಿದ್ದರೆ ಈ ಬಿಂದುಗಳು ಅದಕ್ಕೆ ಕೂರುವುದಿಲ್ಲ. ಬಲವಂತವಾಗಿ ಕೂರಿಸಬೇಡಿ, ಗ್ರಿಡ್ ಇರುವುದು ಹೊರ ಆಕಾರಕ್ಕೆ.

‘ವು’ ಮತ್ತು ‘ಮ’ ವಿಷಯಕ್ಕೆ ಹೆಚ್ಚು ಸಮಯ ಕೊಡಿ, ಫಾಂಟ್ ಉಳಿಯುವುದೂ ಅಳಿಯುವುದೂ ಇಲ್ಲೇ. ಪ, ಫ, ವಗಳಿಗೆ ಕೊಂಬು ಬುಡದ ಕೆಳಗಿನಿಂದ ಹೊರಡಬೇಕು; ‘ಮ’ದ ಬಲಗೈ ಬುಡದ ಗೆರೆಯಿಂದಲೇ ಮೇಲೇಳಬೇಕು. ಬಾಗು ಇದ್ದಾಗ ಈ ವ್ಯತ್ಯಾಸ ತಾನಾಗಿ ಕಾಣುತ್ತಿತ್ತು, ನೇರ ಗೆರೆಯಲ್ಲಿ ಅದನ್ನು ಎತ್ತಿ ತೋರಿಸಬೇಕು. ‘ವು’ ಕೊಂಬನ್ನು ಬುಡದಿಂದ 80 ಯೂನಿಟ್ ಕೆಳಗಿಳಿಸಿ. ಹಾಗೆಯೇ ‘ಠ’ದ ಚುಕ್ಕೆ: 80 ಯೂನಿಟ್ ಚುಕ್ಕೆಗೆ ಎರಡೂ ಬದಿ ಕನಿಷ್ಠ 70 ಬಿಳಿ ಬೇಕು, ಅಂದರೆ ‘ರ’ದ ಒಳಜಾಗ 220 ಇರಲೇಬೇಕು. ದ–ಧ, ಡ–ಢ, ಬ–ಭಗಳಲ್ಲಿ ಮಹಾಪ್ರಾಣದ ಸೀಳನ್ನು ಬುಡದಿಂದ ಹೊರಕ್ಕೆ ಚಾಚಿಸಿ. ಅಕ್ಷರದ ಗುರುತು ಹೊತ್ತ ಇಂಥ ಜಾಗಗಳಲ್ಲಿ ಜ್ಯಾಮಿತಿ ಮುರಿದರೂ ಪರವಾಗಿಲ್ಲ.

ಮರುಪ್ರಶ್ನೆ: ಒತ್ತಕ್ಷರಗಳನ್ನು ಮೂಲ ಅಕ್ಷರದ ಶೇ. 65ಕ್ಕೆ ಕುಗ್ಗಿಸಿದ್ದೇನೆ, ಬಡಕಲಾಗಿ ಕಾಣುತ್ತಿವೆ. ಮತ್ತೆ, ಟೈಪ್ ಮಾಡಿದರೆ ಒತ್ತು ಕೆಳಗೆ ಬರದೆ ಪಕ್ಕದಲ್ಲೇ ನಿಲ್ಲುತ್ತದೆ.

ಉತ್ತರ: ಕುಗ್ಗಿಸಿದಾಗ 120ರ ಗೆರೆ 78 ಆಗಿದೆ, ಬಡಕಲಾಗದೆ ಇನ್ನೇನು? ಎತ್ತರ ಅಷ್ಟೇ ಇಟ್ಟುಕೊಂಡು ಗೆರೆ 100 ಬರುವಂತೆ ಪ್ರತಿ ಒತ್ತನ್ನೂ ಹೊಸದಾಗಿ ಬರೆಯಿರಿ. ಅಡ್ಡದಾರಿ ಇಲ್ಲ.

ಎರಡನೆಯದಕ್ಕೆ, ಓಪನ್‌ಟೈಪ್ ಫೀಚರ್‌ಗಳಲ್ಲಿ, ಅಂದರೆ ಫಾಂಟಿನೊಳಗಿನ ಅಕ್ಷರ ಜೋಡಣೆಯ ನಿಯಮಗಳಲ್ಲಿ, ಕನ್ನಡ ಲಿಪಿಯನ್ನು ಗುರುತಿಸುವ ಸ್ಕ್ರಿಪ್ಟ್ ಟ್ಯಾಗ್ ‘ಕೆಎನ್‌ಡಿ2’ (knd2) ಇದೆಯೇ ನೋಡಿ. ಬರೀ ‘ಡಿಎಫ್‌ಎಲ್‌ಟಿ’ (ಯಾವ ಲಿಪಿಯನ್ನೂ ಹೆಸರಿಸದ ಟ್ಯಾಗ್) ಇದ್ದರೆ ಅಕ್ಷರ ಜೋಡಿಸುವ ತಂತ್ರಾಂಶವಾದ ಹಾರ್ಫ್‌ಬಜ್ ನಿಮ್ಮ ಫಾಂಟನ್ನು ಸಾದಾ ಲಿಪಿಯಂತೆ ನಡೆಸಿಕೊಳ್ಳುತ್ತದೆ. ಒತ್ತುಗಳು ‘ಬಿಎಲ್‌ಡಬ್ಲ್ಯುಎಫ್’ ಫೀಚರ್‌ನಲ್ಲಿ, ಅರ್ಕಾವೊತ್ತು ‘ಆರ್‌ಪಿಎಚ್‌ಎಫ್’ನಲ್ಲಿ, ಕ್ಷ ಮತ್ತು ಜ್ಞ ‘ಎಕೆಎಚ್‌ಎನ್’ನಲ್ಲಿ ಇರಲಿ. ಪುಟವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಮಾತ್ರ ಕೆಡುತ್ತಿದ್ದರೆ ಫಾಂಟಿನ ತಪ್ಪಲ್ಲ, ವರ್ಲ್ಡ್-ರೆಡಿ ಕಂಪೋಸರ್ ಆನ್ ಮಾಡಿ. ಸ್ತ್ರೀ, ರಾಷ್ಟ್ರ, ಲಕ್ಷ್ಮಿ, ಸ್ವಾತಂತ್ರ್ಯ, ವೈಶಿಷ್ಟ್ಯ – ಇಷ್ಟನ್ನು ಒಂದರ ಕೆಳಗೊಂದು ಇಟ್ಟು ನೋಡಿ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿದರೆ ಸಾಲಿನ ಅಂತರ ಸಾಲದು. 1000 ಯೂನಿಟ್ ಫಾಂಟಿಗೆ ಬುಡದ ಗೆರೆಯಿಂದ ಮೇಲೆ 850, ಕೆಳಗೆ 450 ಇಟ್ಟು ಶುರುಮಾಡಿ.

ಇನ್ನೊಬ್ಬರ ಪ್ರಶ್ನೆ: ನಮ್ಮದು ಬೋರ್ಡ್ ಕೆಲಸ ಸರ್. ಇಂಥ ಅಕ್ಷರವನ್ನು ತಗಡಿನಲ್ಲಿ ಲೇಸರ್ ಕಟ್ ಮಾಡಿಸಬಹುದೇ?

ಉತ್ತರ: ಧಾರಾಳವಾಗಿ, ನೇರ ಗೆರೆ ಕಟಿಂಗ್‌ಗೆ ಹೇಳಿ ಮಾಡಿಸಿದ್ದು. ಆದರೆ ಅಕ್ಷರವನ್ನೇ ಕೊರೆದು ತೆಗೆಯುವುದಾದರೆ ‘ರ’, ‘ಠ’, ಸೊನ್ನೆಗಳ ಒಳತುಂಡು ಉದುರುತ್ತದೆ, ಸೇತುವೆ ಬಿಡಬೇಕು. ಅದರ ಅಗಲ ಕನಿಷ್ಠ ತಗಡಿನ ದಪ್ಪದಷ್ಟಿರಲಿ, ಎರಡರಷ್ಟಿದ್ದರೆ ಒಳ್ಳೆಯದು. ಸೇತುವೆ ಎಂದೂ ಬುಡದ ನಡುವೆ ಬೇಡ: ‘ಠ’ದ ಕೆಳಗೆ ಸೀಳು ಬಿದ್ದರೆ ಓದುಗರಿಗೆ ಅದು ‘ಥ’. ಎಡ–ಬಲ ಬದಿಗಳಲ್ಲಿ ಇಡಿ.

ಫ್ಲೆಕ್ಸ್‌ನಲ್ಲಿ ಅಕ್ಷರಕ್ಕೆ ಅಂಚು ಹಾಕುವಾಗ ತಲಕಟ್ಟಿನ ಚೂಪು ತುದಿಯಲ್ಲಿ ಮುಳ್ಳು ಏಳುತ್ತದೆ, ಸ್ಟ್ರೋಕ್ ಸೆಟ್ಟಿಂಗ್‌ನಲ್ಲಿ ಮೈಟರ್ ಬದಲು ಬೆವೆಲ್ ಆರಿಸಿ. ಜಾಗ ತುಂಬಿಸಲು ಅಕ್ಷರಗಳ ನಡುವಿನ ಅಂತರ ಎಳೆಯಬೇಡಿ, ದೀರ್ಘ, ಕೊಂಬುಗಳು ತಮ್ಮ ಅಕ್ಷರದಿಂದ ಕಿತ್ತು ಬರುತ್ತವೆ. ಅಂಗಡಿಯ ಹೆಸರಿಗಷ್ಟೇ ಈ ಫಾಂಟ್ ಬಳಸಿ. ವಿಳಾಸ, ಫೋನ್ ನಂಬರಿಗೆ ಅನೇಕ್ ಕನ್ನಡದಂಥ ಸರಳ ಫಾಂಟ್ ಸಾಕು. ಅದರಲ್ಲಿ ಅಗಲವನ್ನೂ ದಪ್ಪವನ್ನೂ ಬೇಕಾದಂತೆ ಹೊಂದಿಸಿಕೊಳ್ಳಬಹುದು.